ಪ್ರಾಸ್ಟೇಟ್‌ಗೆ ಲೇಸರ್ ಮಾಡ್ಸಿ ಅಂದ್ರೆ ಯಾವ ಲೇಸರ್? ಒಪ್ಕೊಳೋ ಮುಂಚೆ ಏನೇನ್ ಕೇಳ್ಬೇಕು

ನಮ್ಮಪ್ಪಂಗೆ 71 ವರ್ಷ. ಹೋದ ಮಳೆಗಾಲದಲ್ಲಿ ನೆಗಡಿ ಅಂತ ಮೆಡಿಕಲ್ ಸ್ಟೋರಲ್ಲಿ ಯಾವ್ದೋ ಮಾತ್ರೆ ಇಸ್ಕೊಂಡು ನುಂಗಿದ್ರು, ಅವತ್ತು ರಾತ್ರಿ ಒಂದಕ್ಕೆ ಹೋದ್ರೆ ಒಂದ್ ತೊಟ್ಟೂ ಬರ್ಲಿಲ್ಲ, ಹೊಕ್ಕುಳ ಕೆಳಗೆ ಗಡಿಗೆ ಮಗುಚಿ ಇಟ್ಟಂಗೆ ಉಬ್ಕೊಂಡು ನೋವಿಗೆ ಗೋಡೆ ಗುದ್ತಿದ್ರು. ತಿಪಟೂರಲ್ಲೇ ಪೈಪ್ ಹಾಕ್ಸಿದ್ವಿ, ಒಂದು ಲೀಟರ್ ಮೇಲೆ ಬಂತು. (ಕಟ್ಟಿದ ಮೂಗು ಬಿಡಿಸಕ್ಕೆ ಕೊಡೋ ಕೆಲವು ಔಷಧಿ ಮೂತ್ರದ ದಾರಿನ ಬಿಗಿ ಮಾಡತ್ತೆ, ಪ್ರಾಸ್ಟೇಟ್, ಅಂದ್ರೆ ಗಂಡಸರಿಗೆ ಮೂತ್ರದ ಚೀಲದ ಕೆಳಗೆ ದಾರಿ ಸುತ್ತ ಇರೋ ಗ್ರಂಥಿ, ದಪ್ಪ ಆಗಿರೋರಿಗೆ ಹಿಂಗೆ ಪೂರ್ತಿ ಕಟ್ಕೊಳೋದೂ ಉಂಟು, ಮನೇಲಿ ವಯಸ್ಸಾದೋರಿದ್ರೆ ನೆನಪಿಟ್ಕೊಳಿ.) ಆಮೇಲೆ ಮೂರು ಕಡೆ ತೋರ್ಸಿದ್ವಿ. ಒಬ್ರು ಟಿಯುಆರ್‌ಪಿ (ಲೇಸರ್ ಇಲ್ದೆ ಕರೆಂಟ್ ತಂತಿಯಿಂದ ಕೆರೆದು ತೆಗೆಯೋದು) ಸಾಕು ಅಂದ್ರು, ಇನ್ನೊಬ್ರು ಗ್ರೀನ್‌ಲೈಟ್ ಲೇಸರ್ ಅಂದ್ರು, ಮೂರನೆಯೋರು ಹೋಲೆಪ್ (ಇದು ಇನ್ನೊಂದು ಲೇಸರ್ ಆಪರೇಷನ್) ಮಾಡ್ಸಿ ಅಂದ್ರು. ಮೂವರೂ ದೊಡ್ಡ ಡಾಕ್ಟ್ರೇ. ಯಾರ ಮಾತು ಕೇಳೋದು?

ನಾನು ಡಾಕ್ಟ್ರಲ್ಲ, ಕೊಬ್ಬರಿ ವ್ಯಾಪಾರದೋನು. ಆದ್ರೆ ಎರಡು ತಿಂಗಳು ಇದನ್ನೇ ಕೇಳಿ ಓದಿ ಕೊನೆಗೆ ಗೊತ್ತಾಗಿದ್ದು ಏನಂದ್ರೆ, ನಾವು ಕೇಳ್ತಿದ್ದ ಪ್ರಶ್ನೇನೇ ತಪ್ಪು. "ಯಾವ ಲೇಸರ್ ಒಳ್ಳೇದು" ಅಂತ ಕೇಳ್ತಾ ಕೂತಿದ್ವಿ. ಕೇಳ್ಬೇಕಾಗಿದ್ದು "ಆ ಲೇಸರ್ ಇಟ್ಕೊಂಡು ಒಳಗೆ ಏನ್ ಮಾಡ್ತೀರಾ, ಇದುವರೆಗೂ ಎಷ್ಟು ಜನಕ್ಕೆ ಮಾಡಿದೀರಾ" ಅಂತ.

ಮೊದ್ಲು ಆಪರೇಷನ್ ಬೇಕೇ ಬೇಕಾ ನೋಡಿ

ಪ್ರಾಸ್ಟೇಟ್ ದಪ್ಪ ಆಗಿದೆ ಅಂತ ಸ್ಕ್ಯಾನಿಂಗಲ್ಲಿ ಬಂದ ತಕ್ಷಣ ಆಪರೇಷನ್ ಅಲ್ಲ. ವಯಸ್ಸಾದ ಗಂಡಸರಲ್ಲಿ ಇದು ತಲೆಗೂದಲು ಬೆಳ್ಳಗಾದಂಗೆ, 60 ದಾಟಿದ ಅರ್ಧ ಜನಕ್ಕೆ ಇದ್ದೇ ಇರತ್ತೆ. ತೊಂದ್ರೆ ಎಷ್ಟಿದೆ ಅಂತ ಅಳೆಯಕ್ಕೆ ಐಪಿಎಸ್ಎಸ್ ಅಂತ ಏಳು ಪ್ರಶ್ನೆಯ ಒಂದು ಹಾಳೆ ಕೊಡ್ತಾರೆ, ರಾತ್ರಿ ಎಷ್ಟು ಸಲ ಏಳ್ತೀರಾ, ಧಾರೆ ಸಣ್ಣ ಆಗಿದ್ಯಾ, ಮುಕ್ಕಿ ಹೋಗ್ಬೇಕಾ, ಪೂರ್ತಿ ಖಾಲಿ ಆದಂಗೆ ಅನ್ಸಲ್ವಾ ಅಂತೆಲ್ಲ. ಒಟ್ಟು 35 ಮಾರ್ಕು. 7ರ ತನಕ ಬಂದ್ರೆ ಸಾಮಾನ್ಯವಾಗಿ ಸುಮ್ನೆ ಇರಬಹುದು, 8ರಿಂದ 19 ಮಧ್ಯಮ, 20 ಅಥವಾ ಅದಕ್ಕಿಂತ ಮೇಲೆ ಬಂದ್ರೆ ಜಾಸ್ತಿ. ಇಲ್ಲಿ ಮಾರ್ಕು ಕಮ್ಮಿ ಬಂದೋರೇ ಪಾಸ್. ಈ ಹಾಳೆನ ಮನೇಲೇ ನಿಧಾನಕ್ಕೆ ತುಂಬ್ಸಿ, ಡಾಕ್ಟ್ರ ಮುಂದೆ ನಮ್ಮ ಹಿರಿಯರು "ಏನಿಲ್ಲ ಸಾರ್ ಸ್ವಲ್ಪ ಅಷ್ಟೇ" ಅಂದ್ಬಿಡ್ತಾರೆ.

ಟ್ಯಾಮ್ಸುಲೋಸಿನ್, ಸೈಲೋಡೋಸಿನ್ ಥರ ಮಾತ್ರೆ ದಾರಿನ ಸಡಿಲ ಮಾಡತ್ತೆ, ಡ್ಯುಟಾಸ್ಟರೈಡ್, ಫಿನಾಸ್ಟರೈಡ್ ಗೆಡ್ಡೇನ (ಅಂದ್ರೆ ದಪ್ಪ ಆದ ಪ್ರಾಸ್ಟೇಟ್‌ನ) ಆರು ತಿಂಗಳಲ್ಲಿ ನಿಧಾನಕ್ಕೆ ಕುಗ್ಗಿಸತ್ತೆ. ಇವುಗಳಲ್ಲೇ ವರ್ಷಗಟ್ಲೆ ಆರಾಮಾಗಿ ಇರೋರು ಬೇಕಾದಷ್ಟು ಜನ. ಅಂದಂಗೆ ಟ್ಯಾಮ್ಸುಲೋಸಿನ್ ತಗೊಳೋರು ಕಣ್ಣಿನ ಪೊರೆ ಆಪರೇಷನ್‌ಗೆ ಹೋದ್ರೆ ಕಣ್ಣಿನ ಡಾಕ್ಟ್ರಿಗೆ ಮುಂಚೇನೇ ಹೇಳ್ಲೇಬೇಕು, ಕಣ್ಣಿನ ಪಾಪೆ ಸುತ್ತಲಿನ ಪರದೆ ಸಡಿಲ ಆಗಿರತ್ತೆ, ಗೊತ್ತಿದ್ರೆ ಅವ್ರು ಅದಕ್ಕೆ ತಯಾರಾಗಿರ್ತಾರೆ.

ಆಪರೇಷನ್ ಅಂತ ಹೇಳೋದು ಯಾವಾಗ ಅಂದ್ರೆ, ಮಾತ್ರೆ ಕೈ ಕೊಟ್ರೆ, ಪೈಪ್ ತೆಗೆದ್ರೆ ಮತ್ತೆ ಮತ್ತೆ ಕಟ್ಕೊಂಡ್ರೆ, ಮೂತ್ರ ಹಿಂದಕ್ಕೆ ಒತ್ತಿ ಕಿಡ್ನಿ ಉಬ್ಬಿದ್ರೆ, ಚೀಲದಲ್ಲಿ ಕಲ್ಲಾದ್ರೆ, ಪದೇ ಪದೇ ಇನ್ಫೆಕ್ಷನ್ನೋ ರಕ್ತವೋ ಬರ್ತಿದ್ರೆ. ಅಪ್ಪಂಗೆ ಎರಡು ಸಲ ಪೈಪ್ ತೆಗೆದು ನೋಡಿದ್ರು, ಎರಡೂ ಸಲ ಫೇಲ್. ಹಂಗಾಗಿ ನಮಗೆ ಚಾಯ್ಸ್ ಇರ್ಲಿಲ್ಲ.

ಫೈಲಲ್ಲಿ ಏನೇನ್ ಇರ್ಬೇಕು

ಸೆಕೆಂಡ್ ಒಪಿನಿಯನ್‌ಗೆ ಹೋಗ್ವಾಗ ಈ ನಾಲ್ಕೈದು ನಂಬರ್ ಕೈಲಿದ್ರೆ ಅರ್ಧ ಗೊಂದಲ ಅಲ್ಲೇ ಮುಗಿಯತ್ತೆ. ಪ್ರಾಸ್ಟೇಟ್ ಸೈಜು ಎಷ್ಟು ಗ್ರಾಂ ಅಥವಾ ಸಿಸಿ, ಎರಡೂ ಹೆಚ್ಚುಕಮ್ಮಿ ಒಂದೇ, ವಯಸ್ಸಿನ ಹುಡುಗರಲ್ಲಿ 20ರ ಆಸುಪಾಸು ಇರತ್ತೆ, ಅಪ್ಪಂದು 92 ಇತ್ತು. ಮಧ್ಯದ ಲೋಬ್ (ಗೆಡ್ಡೆಯ ಮಧ್ಯದ ಭಾಗ) ಮೂತ್ರದ ಚೀಲದೊಳಗೆ ನುಗ್ಗಿದ್ಯಾ ಅನ್ನೋದನ್ನೂ ರಿಪೋರ್ಟಲ್ಲಿ ನೋಡಿ. ಒಂದಕ್ಕೆ ಹೋದ್ಮೇಲೆ ಒಳಗೆ ಎಷ್ಟು ಉಳಿಯತ್ತೆ. ಯೂರೋಫ್ಲೋ ಅಂತ ಮಷೀನಿಗೆ ಒಂದಕ್ಕೆ ಹೋಗೋ ಟೆಸ್ಟು, ಸೆಕೆಂಡಿಗೆ 10 ಎಂಎಲ್‌ಗಿಂತ ಕಮ್ಮಿ ಬಂದ್ರೆ ಅಡ್ಡಿ ಇರೋ ಸಾಧ್ಯತೆ ಜಾಸ್ತಿ, ಆದ್ರೆ ಒಟ್ಟು 150 ಎಂಎಲ್ ಆದ್ರೂ ಹೋಗಿರ್ಬೇಕು, ಇಲ್ದಿದ್ರೆ ಆ ಟೆಸ್ಟಿಗೆ ಅರ್ಥ ಇಲ್ಲ, ಮತ್ತೆ ಮಾಡ್ಸಿ. ಕ್ರಿಯಾಟಿನಿನ್ (ಕಿಡ್ನಿ ಹೆಂಗೆ ಕೆಲಸ ಮಾಡ್ತಿದೆ ಅಂತ ನೋಡೋ ರಕ್ತ ಪರೀಕ್ಷೆ), ಯೂರಿನ್ ಕಲ್ಚರ್ (ಮೂತ್ರದಲ್ಲಿ ಇನ್ಫೆಕ್ಷನ್ ಇದ್ಯಾ ಅಂತ).

ಆಮೇಲೆ ಪಿಎಸ್ಎ, ಪ್ರಾಸ್ಟೇಟ್ ಕ್ಯಾನ್ಸರ್ ಸುಳಿವು ಇದ್ಯಾ ಅಂತ ನೋಡೋ ರಕ್ತ ಪರೀಕ್ಷೆ. ಇದ್ರಲ್ಲಿ ಜನ ಎಡವೋದು ಎರಡು ಕಡೆ. ಮೂತ್ರ ಕಟ್ಕೊಂಡು ಪೈಪ್ ಹಾಕಿದ ವಾರದಲ್ಲಿ ಟೆಸ್ಟ್ ಮಾಡ್ಸಿದ್ರೆ ನಂಬರ್ ಸುಮ್ಸುಮ್ನೆ ಏರಿರತ್ತೆ, ಇನ್ಫೆಕ್ಷನ್ ಇದ್ರೂ ಅಷ್ಟೇ, ಅದನ್ನ ನೋಡಿ ಕ್ಯಾನ್ಸರ್ ಅಂತ ಮನೆ ತುಂಬ ಅಳೋದು ಬೇಡ. ಇನ್ನೊಂದು ಅದರ ಉಲ್ಟಾ, ಡ್ಯುಟಾಸ್ಟರೈಡ್ ಅಥವಾ ಫಿನಾಸ್ಟರೈಡ್ ಆರು ತಿಂಗಳಿಂದ ತಗೊಳ್ತಿದ್ರೆ ಪಿಎಸ್ಎ ಅರ್ಧಕ್ಕೆ ಇಳಿದಿರತ್ತೆ, ಅಂದ್ರೆ ರಿಪೋರ್ಟಲ್ಲಿ 3 ಇದ್ರೆ ಅದನ್ನ 6 ಅಂತ ಓದ್ಬೇಕು. ಮಾತ್ರೆ ಚೀಟಿ ಫೈಲಲ್ಲಿ ಇಲ್ದಿದ್ರೆ ಹೊಸ ಡಾಕ್ಟ್ರಿಗೆ ಇದು ಗೊತ್ತಾಗೋದು ಹೆಂಗೆ? ಕ್ಯಾನ್ಸರ್ ಅನುಮಾನ ಇದ್ರೆ ಎಂಆರ್‌ಐ, ಬಯಾಪ್ಸಿ ಮೊದಲು, ಲೇಸರ್ ಮಾತು ಆಮೇಲೆ.

ಬಹಳ ವರ್ಷದ ಶುಗರ್ ಇರೋರು, ಸ್ಟ್ರೋಕ್ ಆದೋರು, ಪಾರ್ಕಿನ್ಸನ್ಸ್ ಇರೋರಾದ್ರೆ ಯೂರೋಡೈನಮಿಕ್ಸ್ (ಮೂತ್ರದ ಚೀಲದ ಶಕ್ತಿ ಅಳೆಯೋ ಟೆಸ್ಟು) ಬೇಕಾ ಅಂತ ನೀವೇ ಕೇಳಿ. ಮೂತ್ರದ ಚೀಲಕ್ಕೇ ಶಕ್ತಿ ಇಲ್ದೇ ಇದ್ರೆ ದಾರಿ ಎಷ್ಟು ಅಗಲ ಮಾಡಿದ್ರೂ ಧಾರೆ ಬರೋದು ಕಷ್ಟ. ಬಾವೀಲಿ ಮೋಟಾರ್ ಕೆಟ್ಟಿರೋವಾಗ ಪೈಪ್‌ಲೈನ್ ಬದಲಾಯಿಸಿದಂಗೆ.

ಕೊಬ್ಬರಿ ಲೆಕ್ಕ

ಈಗ ಮುಖ್ಯ ವಿಷ್ಯ. ಪ್ರಾಸ್ಟೇಟ್‌ನ ಒಂದು ತೆಂಗಿನಕಾಯಿ ಅನ್ಕೊಳಿ. ಹೊರಗಡೆ ಚಿಪ್ಪು, ಒಳಗೆ ಬೆಳೆದು ದಾರಿ ಮುಚ್ಚಿರೋದು ಕಾಯಿ. ಎಲ್ಲಾ ಆಪರೇಷನ್ನೂ ಚಿಪ್ಪು ಬಿಟ್ಟು ಒಳಗಿಂದು ತೆಗೆಯೋದೇ. ತೆಗೆಯೋ ರೀತಿ ಮೂರು.

ಒಂದು, ತುರಿಯೋದು. ಅದೇ ಟಿಯುಆರ್‌ಪಿ, ಕರೆಂಟ್ ತಂತಿ ಲೂಪಿಂದ ತುಂಡು ತುಂಡಾಗಿ ಕೆರೆದು ತೆಗೀತಾರೆ. ಎರಡು, ಸುಡೋದು, ಲೇಸರ್ ಬೆಳಕಲ್ಲಿ ಮಾಂಸನ ಆವಿ ಮಾಡ್ತಾ ಒಳಗೆ ಗುಳಿ ಮಾಡ್ತಾ ಹೋಗೋದು, ಗ್ರೀನ್‌ಲೈಟ್ ಅಂದ್ರೆ ಹೆಚ್ಚಾಗಿ ಇದು. ಮೂರು, ಚಿಪ್ಪಿಂದ ಬಿಡಿಸಿ ಇಡಿಯಾಗಿ ತೆಗೆಯೋದು, ನಮ್ಮೂರಲ್ಲಿ ಅಟ್ಟದ ಮೇಲೆ ತಿಂಗಳುಗಟ್ಲೆ ಒಣಗಿದ ಕಾಯಿಂದ ಉಂಡೆ ಕೊಬ್ಬರಿ ಎತ್ತಿದಂಗೆ. ಡಾಕ್ಟ್ರು ಇದಕ್ಕೆ ಇನ್ಯುಕ್ಲಿಯೇಷನ್ ಅಂತಾರೆ. ಹೋಲೆಪ್ (ಹೋಲ್ಮಿಯಂ ಲೇಸರಲ್ಲಿ), ಥುಲೆಪ್ (ಥೂಲಿಯಂ ಲೇಸರಲ್ಲಿ) ಎಲ್ಲಾ ಈ ಜಾತಿ. ಬಿಡಿಸಿದ ಗೆಡ್ಡೇನ ಚೀಲದೊಳಗೆ ತಳ್ಳಿ ಮಾರ್ಸಿಲೇಟರ್ ಅನ್ನೋ ಸಣ್ಣ ಮಿಕ್ಸಿ ಥರದ್ದು ಹಾಕಿ ಪುಡಿ ಮಾಡಿ ಹೀರ್ಕೊಂಡು ಹೊರಗೆ ತರ್ತಾರೆ, ಹೊಟ್ಟೆ ಮೇಲೆ ಗಾಯ ಇಲ್ಲ.

ತುರಿದ್ರೂ ಸುಟ್ರೂ ಚಿಪ್ಪಿಗೆ ಅಂಟ್ಕೊಂಡು ಸ್ವಲ್ಪ ಉಳ್ಕೊಳತ್ತೆ, ಅದು ವರ್ಷಗಳ ಮೇಲೆ ಮತ್ತೆ ಬೆಳೀಬಹುದು. ಇಡೀ ಉಂಡೆ ತೆಗೆದ್ರೆ ಉಳಿಯೋದು ತೀರಾ ಕಮ್ಮಿ, ಮತ್ತೆ ಆಪರೇಷನ್ ಬೀಳೋದೂ ಕಮ್ಮಿ. ಇಲ್ಲಿ ಮಜಾ ಏನಂದ್ರೆ ಹಸಿರು ಲೇಸರಲ್ಲೂ ಉಂಡೆ ಬಿಡಿಸೋರಿದಾರೆ, ಹೋಲ್ಮಿಯಮ್ಮಲ್ಲೂ ಬರೀ ಸುಡೋರಿದಾರೆ, ಲೇಸರೇ ಇಲ್ದೆ ಬೈಪೋಲಾರ್ ಕರೆಂಟಲ್ಲೂ ಬಿಡಿಸ್ತಾರೆ. ಅದಕ್ಕೇ ಹೇಳಿದ್ದು, ಬೋರ್ಡ್ ಮೇಲಿನ ಲೇಸರ್ ಹೆಸರು ನೋಡಿದ್ರೆ ಸಾಲಲ್ಲ.

ಒಂದೊಂದಾಗಿ

ಹೋಲ್ಮಿಯಂ ಲೇಸರಿನ ತರಂಗ 2140 ನ್ಯಾನೋಮೀಟರ್, ನೀರು ಅದನ್ನ ಗಬಕ್ಕಂತ ಹೀರ್ಕೊಳತ್ತೆ, ಹಂಗಾಗಿ ಅರ್ಧ ಮಿಲಿಮೀಟರ್ ಒಳಗೂ ಇಳಿಯಲ್ಲ, ಪಕ್ಕದ್ದು ಸುಡಲ್ಲ. ಬಿಟ್ಟು ಬಿಟ್ಟು ಪಲ್ಸ್ ಥರ ಹೊಡೆಯತ್ತೆ. ನ್ಯೂಜಿಲೆಂಡಿನ ಟೌರಂಗಾ ಊರಲ್ಲಿ ಪೀಟರ್ ಗಿಲ್ಲಿಂಗ್ ಅನ್ನೋ ಡಾಕ್ಟ್ರು ಮತ್ತೆ ಅವರ ಜೊತೆಯೋರು 1990ರ ದಶಕದಲ್ಲಿ ಹೋಲೆಪ್ ಶುರು ಮಾಡಿದ್ದು, ಅಂದ್ರೆ ಇದೇನ್ ಹೊಸ ಪ್ರಯೋಗ ಅಲ್ಲ. ದೊಡ್ಡ ಗೆಡ್ಡೆಗೆ ಇದರಷ್ಟು ಪುರಾವೆ ಇರೋ ಲೇಸರ್ ಇನ್ನೊಂದಿಲ್ಲ, ಮುಂಚೆ 100 ಗ್ರಾಂ ದಾಟಿದ್ರೆ ಹೊಟ್ಟೆ ಕುಯ್ದು ತೆಗೀತಿದ್ರಲ್ಲ ಅಂಥದ್ದೂ ಇದ್ರಲ್ಲಿ ಆಗತ್ತೆ. ಯುರೋಪಿನ ಗೈಡ್‌ಲೈನಲ್ಲಿ 30ರಿಂದ 80 ಎಂಎಲ್ ತನಕ ಟಿಯುಆರ್‌ಪಿ ಸರಿ, 80 ದಾಟಿದ್ರೆ ಇನ್ಯುಕ್ಲಿಯೇಷನ್ ಕಡೆ ನೋಡಿ ಅಂತಾರೆ. ಮೋಸೆಸ್ ಅಂತ ಹೊಸ ಪಲ್ಸ್ ಟೆಕ್ನಾಲಜಿ ಬಂದಿದೆ, ರಕ್ತ ನಿಲ್ಲಿಸೋದು ಬೇಗ ಆಗತ್ತೆ, ಇದ್ರೆ ಒಳ್ಳೇದು, ಇಲ್ದೇ ಇದ್ರೆ ಆಸ್ಪತ್ರೆ ಬದಲಾಯಿಸೋ ಅಷ್ಟೇನಿಲ್ಲ.

ಕೊರತೆ ಏನು? ಕಲಿಯೋದು ಕಷ್ಟ. ಒಬ್ಬ ಸರ್ಜನ್ ಕೈ ಪಳಗಕ್ಕೆ 20ರಿಂದ 50 ಕೇಸ್ ಬೇಕು ಅಂತಾರೆ. ಆ ಐವತ್ತರಲ್ಲಿ ನಮ್ಮಪ್ಪ ಇರೋದು ಬೇಡ ಅಂತ ನಾವು ನೇರವಾಗೇ ಕೇಳಿದ್ವಿ. ಮತ್ತೆ ಆಪರೇಷನ್ ಆದ ಹೊಸದ್ರಲ್ಲಿ ಕೆಮ್ಮಿದ್ರೆ ಎದ್ರೆ ಸೋರೋದು ಇದ್ರಲ್ಲಿ ಸ್ವಲ್ಪ ಜಾಸ್ತಿ, ಬಹುತೇಕರಿಗೆ ಮೂರರಿಂದ ಆರು ತಿಂಗಳಲ್ಲಿ ಸರಿ ಹೋಗತ್ತೆ, ಆದ್ರೆ ಇದನ್ನ ಮುಂಚೆ ಹೇಳಿರಲ್ಲ, ಮನೆಗೆ ಬಂದ್ಮೇಲೆ ಹಿರಿಯರು ಅವಮಾನಕ್ಕೆ ಕುಗ್ಗಿ ಹೋಗ್ತಾರೆ.

ಥೂಲಿಯಂ ಎರಡು ಥರ, ಹಳೇದು ಥೂಲಿಯಂ ಯಾಗ್, 2000 ನ್ಯಾನೋಮೀಟರ್ ಆಸುಪಾಸು, ಹೊಸದು ಥೂಲಿಯಂ ಫೈಬರ್ ಲೇಸರ್, 1940. ಕತ್ತರಿಸೋದು ನಯ, ರಕ್ತ ಚೆನ್ನಾಗಿ ನಿಲ್ಲತ್ತೆ. ಕಿಡ್ನಿ ಕಲ್ಲಿಗೆ ಅಂತ ಈ ಫೈಬರ್ ಮಷೀನ್ ತರ್ಸಿರೋ ಆಸ್ಪತ್ರೆಗಳು ಅದ್ರಲ್ಲೇ ಪ್ರಾಸ್ಟೇಟೂ ಮಾಡ್ತಿದಾರೆ. ಹೋಲೆಪ್ ಜೊತೆ ಹೋಲಿಸಿದ ಸ್ಟಡಿಗಳಲ್ಲಿ ಫಲಿತಾಂಶ ಹೆಚ್ಚುಕಮ್ಮಿ ಸಮ, ಹೋಲೆಪ್‌ಗೆ ಇರೋ ಅಷ್ಟು ವರ್ಷದ ಲೆಕ್ಕ ಮಾತ್ರ ಇನ್ನೂ ಇಲ್ಲ. ನನ್ನ ಕೇಳಿದ್ರೆ, 300 ಥುಲೆಪ್ ಮಾಡಿರೋರು ಪಕ್ಕದ ಊರಲ್ಲಿದ್ರೆ 15 ಹೋಲೆಪ್ ಮಾಡಿರೋರ ಹತ್ರ ಯಾಕ್ ಹೋಗ್ಬೇಕು.

ಗ್ರೀನ್‌ಲೈಟ್ 532 ನ್ಯಾನೋಮೀಟರ್, ಹಸಿರು ಬೆಳಕು, ಇದನ್ನ ಹೀರೋದು ರಕ್ತದ ಹಿಮೋಗ್ಲೋಬಿನ್ನು. ಹಂಗಾಗಿ ಸುಡ್ತಾ ಸುಡ್ತಾನೇ ರಕ್ತನಾಳ ಮುಚ್ಕೊಂಡು ಹೋಗತ್ತೆ. ರಕ್ತ ತೆಳು ಮಾಡೋ ಮಾತ್ರೆ ನಿಲ್ಲಿಸೋ ಹಾಗೇ ಇಲ್ದೇ ಇರೋ ಹಾರ್ಟ್ ಪೇಷಂಟಿಗೆ ಇದು ದೊಡ್ಡ ವರ. 80 ವ್ಯಾಟಿಂದ ಶುರುವಾಗಿ 120, ಈಗ 180 ವ್ಯಾಟ್ ತನಕ ಬಂದಿದೆ, ಡಾಕ್ಟ್ರು ಯಾವುದಿದೆ ಅಂತ ಹೇಳ್ತಾರೆ ಕೇಳಿ. ಯುರೋಪಿನ 9 ದೇಶದಲ್ಲಿ ಗೋಲಿಯತ್ ಅನ್ನೋ ಟ್ರಯಲ್ ಮಾಡಿ 180 ವ್ಯಾಟಿಂದನ್ನ ಟಿಯುಆರ್‌ಪಿಗೆ ಹೋಲಿಸಿದ್ರು, ಎರಡು ವರ್ಷದ ಮೇಲೂ ಅದಕ್ಕಿಂತ ಕಮ್ಮಿ ಏನಿರ್ಲಿಲ್ಲ. 40, 50, 60 ಗ್ರಾಮಿಗೆ ಚೆನ್ನಾಗಿದೆ. ನೂರರ ಹತ್ರ ಇರೋದನ್ನ ಪೂರ್ತಿ ಸುಡ್ತಾ ಕೂರಕ್ಕೆ ಟೈಮ್ ಹಿಡಿಯತ್ತೆ, ಉಳಿಸಿ ಬರೋ ಸಾಧ್ಯತೆ ಜಾಸ್ತಿ. ಇನ್ನೊಂದು ಕೊರತೆ, ಎಲ್ಲಾ ಆವಿ ಆದ್ಮೇಲೆ ಲ್ಯಾಬಿಗೆ ಕಳ್ಸಕ್ಕೆ ಏನೂ ಉಳಿಯಲ್ಲ. ಹೋಲೆಪ್, ಟಿಯುಆರ್‌ಪಿಲಿ ತುಂಡು ಸಿಗತ್ತೆ, ಪರೀಕ್ಷೆ ಮಾಡಿದಾಗ ನೂರಕ್ಕೆ ಐದರಿಂದ ಹತ್ತು ಜನಕ್ಕೆ ಅಲ್ಲೇ ಬಚ್ಚಿಟ್ಕೊಂಡಿದ್ದ ಕ್ಯಾನ್ಸರ್ ಗೊತ್ತಾಗೋದುಂಟು.

ಡಯೋಡ್ ಲೇಸರ್ ಅಂತ ಕೆಲವು ಕಡೆ ಕಮ್ಮಿ ರೇಟಲ್ಲಿ ಹೇಳ್ತಾರೆ. 980ರ ಡಯೋಡಲ್ಲಿ ಸುಟ್ರೆ ಶಾಖ ಆಳಕ್ಕೆ ಇಳಿದು ಒಳಗಿನ ಮಾಂಸ ಸತ್ತು ತಿಂಗಳುಗಟ್ಲೆ ಉರಿಯೋದು, ಮತ್ತೆ ಆಪರೇಷನ್ ಬೀಳೋದು ಜಾಸ್ತಿ ಅಂತ ಸ್ಟಡಿಗಳಲ್ಲಿ ಬಂದಿದೆ. ಬರೀ "ಲೇಸರ್" ಅಂತ ಹೇಳಿ ಯಾವ್ದು ಅಂತ ಹೇಳ್ದೇ ಇದ್ರೆ ಅನುಮಾನ ಪಡಿ.

ಟಿಯುಆರ್‌ಪಿನ ಹಳೇದು ಅಂತ ಹೀಗಳೆಯೋ ಚಾಳಿ ಒಂದಿದೆ, ಅದು ಸರಿಯಲ್ಲ. 50 ಗ್ರಾಮಿನ ಗೆಡ್ಡೆ, ರಕ್ತ ತೆಳು ಮಾಡೋ ಮಾತ್ರೆ ಇಲ್ಲ, ಬೈಪೋಲಾರ್ ಮಷೀನ್ ಇದೆ, ಪಳಗಿದ ಕೈ ಇದೆ ಅಂದ್ರೆ ಕಣ್ಮುಚ್ಚಿ ಮಾಡ್ಸಬಹುದು. ಹಳೇ ಮೋನೋಪೋಲಾರ್‌ದಲ್ಲಿ ಗ್ಲೈಸಿನ್ ನೀರು ಹಾಯಿಸ್ತಾರೆ, ಹೊತ್ತು ಜಾಸ್ತಿ ಆದ್ರೆ ಅದು ರಕ್ತಕ್ಕೆ ಸೇರಿ ಸೋಡಿಯಂ ಬಿದ್ದು ಹೋಗೋ ಅಪಾಯ ಇತ್ತು. ಬೈಪೋಲಾರಲ್ಲೂ ಲೇಸರಲ್ಲೂ ಸಲೈನೇ ಹಾಯಿಸೋದು, ಆ ಭಯ ಇಲ್ಲ.

30 ಗ್ರಾಮಿಗಿಂತ ಚಿಕ್ಕದಿದ್ರೆ ಬರೀ ಒಂದೆರಡು ಗೀರು ಹಾಕಿ ಬಿಡೋ ಟಿಯುಐಪಿನೇ ಸಾಕಾಗಬಹುದು. ಆವಿ ಬಿಡೋ ರೆಜಂ, ಕ್ಲಿಪ್ ಹಾಕೋ ಯೂರೋಲಿಫ್ಟ್ ಅಂತೆಲ್ಲ ಇದೆ, ಅವು ಲೇಸರಲ್ಲ.

ಅಪ್ಪ ಮಕ್ಕಳು ಕೂತು ಕೇಳಕ್ಕಾಗದ ಪ್ರಶ್ನೆ

ಆಪರೇಷನ್ ಆದ್ಮೇಲೆ ಸುಖ ಇರತ್ತೆ, ಆದ್ರೆ ವೀರ್ಯ ಹೊರಗೆ ಬರ್ದೆ ಹಿಂದಕ್ಕೆ ಚೀಲಕ್ಕೆ ಹೋಗತ್ತೆ. ಹೋಲೆಪಲ್ಲಿ ನಾಲ್ಕು ಜನದಲ್ಲಿ ಮೂರು ಜನಕ್ಕೆ ಹಿಂಗಾಗತ್ತೆ, ಟಿಯುಆರ್‌ಪಿಲೂ ಬಹಳ ಜನಕ್ಕೆ, ಗ್ರೀನ್‌ಲೈಟಲ್ಲಿ ಸ್ವಲ್ಪ ಕಮ್ಮಿ. ಅಪಾಯ ಏನಿಲ್ಲ, ಆಮೇಲೆ ಒಂದಕ್ಕೆ ಹೋದಾಗ ಮೂತ್ರದ ಜೊತೆ ಹೋಗತ್ತೆ. ನಿಮಿರುವಿಕೆಗೆ ಸಾಮಾನ್ಯವಾಗಿ ತೊಂದ್ರೆ ಇಲ್ಲ. ಮಗ ಸೊಸೆ ಮುಂದೆ ಯಾವ ಅಪ್ಪನೂ ಇದನ್ನ ಕೇಳಲ್ಲ, ನಾವು ಐದು ನಿಮಿಷ ಹೊರಗೆ ಬಂದು ಅಪ್ಪನ್ನ ಡಾಕ್ಟ್ರ ಜೊತೆ ಬಿಟ್ವಿ. 50ರ ಆಸುಪಾಸಲ್ಲಿ ಇರೋರಿಗೆ, ಇನ್ನೂ ಮಕ್ಕಳು ಬೇಕು ಅನ್ನೋರಿಗೆ ಈ ಒಂದು ಮಾತಲ್ಲೇ ತೀರ್ಮಾನ ಬದಲಾಗಬಹುದು.

ಡಾಕ್ಟ್ರ ಹತ್ರ ಕೇಳಿದ್ದು

ನಾನು ಹಾಳೇಲಿ ಬರ್ಕೊಂಡು ಹೋಗಿದ್ದೆ. ಸುಡ್ತೀರಾ ಬಿಡಿಸ್ತೀರಾ? ನೀವೇ ಮಾಡ್ತೀರಾ, ಟ್ರೈನಿಂಗ್ ಡಾಕ್ಟ್ರು ಮಾಡ್ತಾರಾ? ಈ ಸೈಜಿಂದು ಎಷ್ಟು ಮಾಡಿದೀರಾ? ಮಾರ್ಸಿಲೇಟರ್ ಆಸ್ಪತ್ರೇದಾ ಬಾಡಿಗೇದಾ? ಕೊನೇ ಪ್ರಶ್ನೆ ಕೇಳಿದಾಗ ಒಂದು ಆಸ್ಪತ್ರೇಲಿ ಮುಖ ಮುಖ ನೋಡ್ಕೊಂಡ್ರು, ಮಷೀನು ಬೇರೆ ಕಡೆಯಿಂದ ಅವತ್ತಿಗೆ ತರಿಸೋದಂತೆ, ಅದು ತಪ್ಪೇನಲ್ಲ, ಆದ್ರೆ ಆಪರೇಷನ್ ಮಧ್ಯೆ ಕೆಟ್ರೆ ಬದಲಿ ಏನು ಅಂದ್ರೆ ಉತ್ತರ ಇರ್ಲಿಲ್ಲ. ಕೋಪ ಮಾಡ್ಕೊಳ್ದೆ ಉತ್ತರ ಕೊಟ್ಟ ಡಾಕ್ಟ್ರ ಹತ್ರಾನೇ ಮಾಡ್ಸಿದ್ವಿ.

ಅಪ್ಪಂಗೆ ಮೂರು ವರ್ಷದ ಹಿಂದೆ ಸ್ಟೆಂಟ್ ಹಾಕಿದ್ರು, ಎಕೋಸ್ಪ್ರಿನ್ ನಡೀತಿತ್ತು. ರಕ್ತ ತೆಳು ಮಾಡೋ ಮಾತ್ರೇನ ಯಾವತ್ತೂ ನಾವೇ ನಿಲ್ಲಿಸ್ಬಾರ್ದು, ಯೂರಾಲಜಿ ಡಾಕ್ಟ್ರೂ ಹಾರ್ಟ್ ಡಾಕ್ಟ್ರೂ ಮಾತಾಡಿ ಚೀಟೀಲಿ ಬರ್ದು ಕೊಡ್ಬೇಕು, ಯಾವ ತಾರೀಕಿಗೆ ನಿಲ್ಲಿಸೋದು ಯಾವ ತಾರೀಕಿಗೆ ಶುರು ಮಾಡೋದು ಅಂತ. ಸ್ಟೆಂಟ್ ಹಾಕಿ ವರ್ಷ ಆಗಿಲ್ಲ ಅಂದ್ರೆ ಆಪರೇಷನ್ನೇ ಮುಂದೂಡಕ್ಕೆ ಆಗತ್ತಾ ಅಂತ ಕೇಳಿ.

ದುಡ್ಡಿನ ವಿಷ್ಯ

ರೇಟ್ ಹೇಳಿದಾಗ ಬಿಡಿಸಿ ಕೇಳಿ. ಗ್ರೀನ್‌ಲೈಟ್ ಫೈಬರ್ ಒಬ್ರಿಗೆ ಒಂದು, ಅದರ ಖರ್ಚೇ ದೊಡ್ಡದು. ಹೋಲ್ಮಿಯಂ ಫೈಬರ್ ಹಲವು ಸಲ ಬಳಸೋದೂ ಇದೆ, ಹಂಗಿದ್ರೆ ಹೊಸ ಫೈಬರ್ ರೇಟ್ ಯಾಕೆ ಹಾಕಿದೀರಾ ಅಂತ ಕೇಳೋ ಹಕ್ಕು ನಮಗಿದೆ.

ಇನ್ಶೂರೆನ್ಸ್ ಇದೆ ಅಂತ ನಿಶ್ಚಿಂತೆ ಆಗಿ ಕೂರ್ಬೇಡಿ. ವಿಮೆ ಕಂಪನಿಗಳನ್ನ ನಿಯಂತ್ರಿಸೋ ಐಆರ್‌ಡಿಎಐ 2019ರಲ್ಲಿ ಪಟ್ಟಿ ಮಾಡಿದ ಆಧುನಿಕ ಚಿಕಿತ್ಸೆಗಳಲ್ಲಿ ಗ್ರೀನ್ ಲೇಸರ್, ಹೋಲ್ಮಿಯಂ ಲೇಸರ್ ಎರಡೂ ಇವೆ, ಅಂದ್ರೆ ಕವರ್ ಆಗತ್ತೆ, ಆದ್ರೆ ಈ ಪಟ್ಟೀಲಿರೋದಕ್ಕೆ ಕಂಪನಿಗಳು ಸಬ್ ಲಿಮಿಟ್, ಅಂದ್ರೆ ಇದಕ್ಕೆ ಇಷ್ಟೇ ಕೊಡ್ತೀವಿ ಅನ್ನೋ ಮಿತಿ, ಇಡ್ಬಹುದು. ಆರೋಗ್ಯ ಸಂಜೀವಿನಿ ಪಾಲಿಸೀಲಿ ಅದು ವಿಮೆ ಮೊತ್ತದ ಅರ್ಧ. 2 ಲಕ್ಷದ ಪಾಲಿಸಿ ಅಂದ್ರೆ ಲೇಸರ್‌ಗೆ 1 ಲಕ್ಷ. ಮತ್ತೆ ಪ್ರಾಸ್ಟೇಟ್‌ಗೆ ಆ ಪಾಲಿಸೀಲಿ 24 ತಿಂಗಳ ವೇಟಿಂಗ್ ಬೇರೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡಲ್ಲಿ ಹೋಗೋರು ಸರ್ಕಾರಿ ಆಸ್ಪತ್ರೆ ರೆಫರಲ್ ಮೊದಲು ಮಾಡ್ಸಿ, ಯಾವ ಪ್ಯಾಕೇಜಲ್ಲಿ ಮಾಡ್ತಾರೆ, ಟಿಯುಆರ್‌ಪಿನಾ ಲೇಸರಾ ಅಂತ ಅಲ್ಲಿರೋ ಆರೋಗ್ಯ ಮಿತ್ರರನ್ನ ಕೇಳಿ. ಬೆಂಗಳೂರಲ್ಲಿ ವಿಕ್ಟೋರಿಯಾ ಆವರಣದಲ್ಲಿ ನೆಫ್ರೋ ಯೂರಾಲಜಿ ಸಂಸ್ಥೆ ಅಂತ ಸರ್ಕಾರದ್ದೇ ಇದೆ, ರಶ್ ಇರತ್ತೆ, ಆದ್ರೆ ಒಂದ್ಸಲ ತೋರ್ಸೋದ್ರಲ್ಲಿ ನಷ್ಟ ಇಲ್ಲ.

ಮನೆಗೆ ಬಂದ್ಮೇಲೆ

ಅಪ್ಪಂಗೆ ಬೆನ್ನಿಗೆ ಸೂಜಿ ಕೊಟ್ಟು ಹೋಲೆಪ್ ಮಾಡಿದ್ರು, ಮಾರನೇ ದಿನ ಅಲ್ಲ ಅದರ ಮಾರನೇ ದಿನ ಪೈಪ್ ತೆಗೆದ್ರು. ಮೊದಲ ಸಲ ಧಾರೆ ಬಂದಾಗ ಅಪ್ಪ ಬಾಗಿಲು ತೆಗೆದಿಟ್ಕೊಂಡೇ ಕೂಗಿ ಕರೆದ್ರು. ಆಮೇಲಿನ ಮೂರು ವಾರ ಅಷ್ಟು ಸುಖ ಇರ್ಲಿಲ್ಲ, ಉರಿ, ಅರ್ಜೆಂಟು, ಬಟ್ಟೆ ಒದ್ದೆ. ಪ್ಯಾಡ್ ತಂದಿಟ್ಕೊಳಿ ಮುಂಚೇನೇ. ಕೆಗೆಲ್ ವ್ಯಾಯಾಮ, ಅಂದ್ರೆ ಬರ್ತಿರೋ ಒಂದನ್ನ ತಡೆಯೋ ಹಂಗೆ ಆ ಜಾಗ ಬಿಗಿ ಹಿಡಿದು ಬಿಡೋದು, ಇದನ್ನ ಆಪರೇಷನ್‌ಗೆ ಮುಂಚೆಯಿಂದಲೇ ಕಲಿಸಿದ್ರೆ ವಾಸಿ.

ಹತ್ತು ಹದಿನಾಲ್ಕು ದಿನಕ್ಕೆ ಮತ್ತೆ ಕೆಂಪಗೆ ಬಂದ್ರೆ ಗಾಬರಿ ಆಗ್ಬೇಡಿ, ಒಳಗಿನ ಹಕ್ಕಳೆ ಉದುರೋ ಟೈಮು, ನೀರು ಜಾಸ್ತಿ ಕುಡಿಸಿ (ಹಾರ್ಟ್, ಕಿಡ್ನಿಗೆ ನೀರು ಅಳತೆ ಹೇಳಿದ್ರೆ ಅದೇ ಅಳತೆ). ರಕ್ತ ಗಡ್ಡೆ ಕಟ್ಟಿ ಮೂತ್ರ ನಿಂತ್ರೆ, ಚಳಿ ಜ್ವರ ಬಂದ್ರೆ, ಬೀಜ ಊದಿ ನೋವಾದ್ರೆ ಕಾಯ್ಬೇಡಿ, ಹೊರಡಿ. ನಾಲ್ಕರಿಂದ ಆರು ವಾರ ಭಾರ ಎತ್ತಂಗಿಲ್ಲ, ಬೈಕ್ ಸೈಕಲ್ ಇಲ್ಲ, ಮಲಬದ್ಧತೆ ಆಗಿ ಮುಕ್ಕೋ ಹಾಗಿಲ್ಲ, ಇಸಬ್‌ಗೋಲ್ ಮನೇಲಿರ್ಲಿ. ನಮ್ಮಪ್ಪ ಹದಿನೆಂಟನೇ ದಿನಕ್ಕೆ ಕಾಯಿ ಮೂಟೆ ಎತ್ತಕ್ಕೆ ಹೋಗಿ ರಕ್ತ ಬಂದು ಮತ್ತೆ ಒಂದು ರಾತ್ರಿ ಆಸ್ಪತ್ರೇಲಿ ಕಳೆದ್ರು.

ರಾತ್ರಿ ಏಳೋದು ಪೂರ್ತಿ ನಿಲ್ಲತ್ತೆ ಅನ್ಕೋಬೇಡಿ. ಮುಂಚೆ ಆರು ಸಲ ಏಳ್ತಿದ್ರು, ಈಗ ಒಂದು ಸಲ, ಹಬ್ಬದ ದಿನ ರಾತ್ರಿ ಕಾಫಿ ಕುಡಿದ್ರೆ ಎರಡು.

ತೆಗೆದ ತುಂಡಿನ ಬಯಾಪ್ಸಿ ರಿಪೋರ್ಟ್ ಇಸ್ಕೊಳೋದು ಮರೀಬೇಡಿ, ನಾವು ಮರೆತು ಹದಿನೈದು ದಿನ ಆದ್ಮೇಲೆ ಹೋಗಿ ತಂದ್ವಿ. ಮೂರು ತಿಂಗಳಿಗೆ ಒಂದು ಪಿಎಸ್ಎ, ಗೆಡ್ಡೆ ಹೋಗಿರೋದ್ರಿಂದ ನಂಬರ್ ತುಂಬ ಕೆಳಗೆ ಬಂದಿರತ್ತೆ. ಆ ನಂಬರ್‌ನ ಫೈಲಿನ ಮೇಲೇ ದೊಡ್ಡದಾಗಿ ಬರೆದಿಡಿ, ಇನ್ಮೇಲೆ ಹೋಲಿಸೋದು ಅದ್ರ ಜೊತೆ, ಲ್ಯಾಬಿನವರ 4ರ ಗೆರೆ ಜೊತೆ ಅಲ್ಲ. ಚಿಪ್ಪು ಇನ್ನೂ ಒಳಗೇ ಇದೆ, ಕ್ಯಾನ್ಸರ್ ಹೆಚ್ಚಾಗಿ ಶುರುವಾಗೋದು ಆ ಅಂಚಲ್ಲೇ, ಹಂಗಾಗಿ ಎಷ್ಟು ದಿನಕ್ಕೊಂದ್ಸಲ ಟೆಸ್ಟ್ ಮಾಡ್ಸೋದು ಅಂತ ಅವತ್ತೇ ಕೇಳಿ ಬರ್ಸ್ಕೊಂಡು ಬನ್ನಿ.